ಷಟರ್ ಎಳೆದುಕೊಂಡು ಕೆಲಸ ಮಾಡುತ್ತಿದ್ದ ಫಿಟ್ಟರಣ್ಣ

ಫಿಟ್ಟರಣ್ಣನ ಬಲಗೈ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಹಿಂದೆ ಯಾವುದೋ ಕಾರ್ಖಾನೆಯಲ್ಲಿದ್ದಾಗ ಯಂತ್ರಕ್ಕೆ ಸಿಕ್ಕಿ ಹೋಗಿತ್ತಂತೆ. ಉಗುರಿದ್ದ ಜಾಗದಲ್ಲಿ ನುಣುಪಾದ ಚರ್ಮ ಬೆಳೆದಿತ್ತು. ಕಬ್ಬಿಣದ ಸರಳು ಕತ್ತರಿಸಿದ ಮೇಲೆ ಅದರ ಅಂಚನ್ನು ಆ ಚರ್ಮದಿಂದಲೇ ಸವರಿ ನೋಡುತ್ತಿದ್ದರು. ಒಂಚೂರು ಚುಚ್ಚಿದರೂ ಮತ್ತೆ ಅರ ಹಿಡಿದು ಉಜ್ಜುತ್ತಿದ್ದರು. "ಕಣ್ಣು ಸುಳ್ಳು ಹೇಳತ್ತೆ ಮೇಡಂ, ಇದು ಹೇಳಲ್ಲ" ಎಂದು ಒಮ್ಮೆ ಆ ಬೆರಳನ್ನು ನನ್ನ ಮುಖದ ಮುಂದೆ ಹಿಡಿದಿದ್ದರು. ತಮ್ಮ ಕಣ್ಣನ್ನೇ ನಂಬದವರು ಬೇರೆಯವರನ್ನು ಎಲ್ಲಿ ನಂಬಿಯಾರು?

ನಾನು ಅವರನ್ನು ಹುಡುಕಿಕೊಂಡು ಹೋದದ್ದು ನನ್ನ ಕಾಲಿನ ದೆಸೆಯಿಂದ. ಎರಡು ವರ್ಷದವಳಿದ್ದಾಗ ಪೋಲಿಯೊ ಬಂದು ಬಲಗಾಲು ಸೋತಿತ್ತು. ಹಾವೇರಿ ಕಡೆಯವಳು ನಾನು. ಯಲಹಂಕದ ಹತ್ತಿರದ ಕಾಲೇಜೊಂದರಲ್ಲಿ ಗ್ರಂಥಪಾಲಕಿಯಾಗಿ ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದೆ. ಮನೆ ಮಾತ್ರ ನಾಗಸಂದ್ರದಲ್ಲಿ. ದಿನಾ ಎರಡು ಬಸ್ಸು ಬದಲಿಸಬೇಕು. ಮೆಟ್ಟಿಲು ಹತ್ತುವಷ್ಟರಲ್ಲಿ ಹಿಂದಿನವರು ಗೊಣಗುವುದನ್ನು ಹನ್ನೊಂದು ವರ್ಷ ಕೇಳಿಸಿಕೊಂಡ ಮೇಲೆ, ಗಟ್ಟಿ ಮನಸ್ಸು ಮಾಡಿ ಗೇರು ಬದಲಿಸುವ ಕಾಟವಿಲ್ಲದ ಆಟೊಮ್ಯಾಟಿಕ್ ಕಾರೊಂದನ್ನು ಕೊಂಡೆ. ಆದರೆ ಬ್ರೇಕು, ಆಕ್ಸಿಲರೇಟರುಗಳನ್ನು ಕೈಯಲ್ಲೇ ನಡೆಸುವಂತೆ ಯಾರಾದರೂ ಮಾಡಿಕೊಡಬೇಕಿತ್ತು. ಸೋತ ಕಾಲಿಗೆ ಆಸರೆಯಾಗಿ ಕಟ್ಟಿಕೊಳ್ಳುವ ನನ್ನ ಕ್ಯಾಲಿಪರ್ ರಿಪೇರಿ ಮಾಡುವವರು ಮತ್ತಿಕೆರೆಯ ಒಂದು ವಿಳಾಸ ಕೊಟ್ಟರು. "ಕೆಲ್ಸ ಚಿನ್ನ. ಮಾತು ಮಾತ್ರ ಪೊಲೀಸ್ ಸ್ಟೇಷನ್ನು" ಎಂದು ಎಚ್ಚರಿಸಿಯೇ ಕಳಿಸಿದ್ದರು.

ಹಳೇ ಊರಿನ ಇಕ್ಕಟ್ಟಾದ ಗಲ್ಲಿ. ಅಕ್ಕಪಕ್ಕದ ಮನೆಗಳೆಲ್ಲ ಮಹಡಿ ಏರಿಸಿಕೊಂಡು ವಿದ್ಯಾರ್ಥಿಗಳಿಗೆ ರೂಮು ಬಾಡಿಗೆಗೆ ಕೊಟ್ಟಿದ್ದವು. ನಡುವೆ ಇವರದೊಂದೇ ತಗ್ಗು ಮಾಡಿನ ಷೆಡ್ಡು. ಅವರಜ್ಜನ ಕಾಲದಲ್ಲಿ ಅದು ದನದ ಕೊಟ್ಟಿಗೆಯಾಗಿತ್ತಂತೆ. ನಾನು ಒಳಗೆ ಕಾಲಿಡುವ ಮೊದಲೇ ಪ್ರಶ್ನೆ ಬಂತು.

"ಯಾರ್ ಕಳ್ಸಿದ್ದು?"

ಹೇಳಿದೆ.

"ಅಲ್ಲಿಂದ ಇಲ್ಲೀವರ್ಗೂ ನಡೀರಿ ನೋಡಣ."

ಸಿಟ್ಟು ಬಂತು. "ಯಾಕ್ರೀ? ನಾ ಏನ್ ನಾಟಕ ಮಾಡಾಕ ಬಂದೀನೇನು?"

"ಮಾಡೋರು ಬಂದವ್ರೆ, ಅದಕ್ಕೇ ಕೇಳ್ದೆ. ಕೋಲು ಹಿಡ್ಕೊಂಡು ಬಂದ ಒಬ್ಬ. ಕಾಲಿಲ್ದೋರ ಗಾಡಿಗೆ ರೋಡ್ ಟ್ಯಾಕ್ಸ್ ಇಲ್ವಲ್ಲ, ಅದನ್ನ ಉಳ್ಸೋಕೆ. ಗಾಡಿ ರೆಡಿ ಆದ್ಮೇಲೆ ಕೋಲು ಇಲ್ಲೇ ಮರ್ತು, ಟಕಟಕ ನಡ್ಕೊಂಡು ಹೋದ." ಷೆಡ್ಡಿನ ಮೂಲೆಯಲ್ಲಿ ಆ ಕೋಲು ಇನ್ನೂ ಒರಗಿಕೊಂಡಿತ್ತು.

ನಾನು ನಡೆದು ತೋರಿಸಿದೆ. ಅವರು ನನ್ನ ಕಾಲನ್ನಲ್ಲ, ಭುಜವನ್ನು ನೋಡುತ್ತಿದ್ದರು. ಬ್ರೇಕು ಒತ್ತುವ ಶಕ್ತಿ ಇನ್ನು ಅಲ್ಲಿಂದಲೇ ಬರಬೇಕಿತ್ತು ಎಂಬುದು ಆಗ ನನಗೆ ಹೊಳೆದಿರಲಿಲ್ಲ.

ಮಾರ್ಪಾಡು ಮಾಡಿದ ಮೇಲೆ ಆರ್‌ಟಿಒ ಕಚೇರಿಯಲ್ಲಿ ಗಾಡಿ ತೋರಿಸಿ ಆರ್‌ಸಿಯಲ್ಲಿ ನಮೂದಿಸಿಕೊಂಡು ಬರಬೇಕು, ಬಂದು ಅದನ್ನು ತಮಗೂ ತೋರಿಸಬೇಕು ಎಂದು ಷರತ್ತು ಹಾಕಿದರು. ಶೋರೂಮಿನವರು ಕೊಟ್ಟ ಒಂದು ಚೀಟಿಯನ್ನೂ ಎಸೆಯಕೂಡದು ಎಂದರು. ಎಲ್ಲದಕ್ಕೂ ಹೂಂ ಅಂದೆ. ಆಮೇಲೆ ನನ್ನನ್ನು ಎದುರಿನ ಜಗಲಿಯ ಮೇಲೆ ಕೂರಿಸಿ, ನಾನು ಡ್ರೈವರೊಬ್ಬನಿಂದ ತರಿಸಿದ್ದ ಕಾರನ್ನು ಒಳಗೆ ಬಿಟ್ಟುಕೊಂಡು, ಷಟರ್ ಎಳೆದುಬಿಟ್ಟರು.

"ನಾನೂ ನೋಡ್ತೀನ್ರೀ ಅಣ್ಣಾ" ಎಂದು ಕೂಗಿದೆ.

"ನೋಡೋಕೆ ಏನೂ ಇಲ್ಲ" ಎಂದು ಒಳಗಿಂದ ಉತ್ತರ ಬಂತು.

ಯಾರಾದರೂ ನೋಡಿ ತಮ್ಮ ಕೆಲಸ ಕದ್ದಾರು ಎಂಬುದು ಅವರ ಭಯ. ಇಡೀ ದಿನ ಷಟರಿನ ಹಿಂದೆ ಅರದ ಸದ್ದು, ಸುತ್ತಿಗೆಯ ಸದ್ದು. ಸಂಜೆ ಕಾರು ಹೊರಬಂದಾಗ ಸ್ಟೀರಿಂಗಿನ ಪಕ್ಕದಲ್ಲೊಂದು ಹಿಡಿ ಇತ್ತು. ಎಳೆದರೆ ವೇಗ, ಮುಂದಕ್ಕೆ ಒತ್ತಿದರೆ ಬ್ರೇಕು. ಮೊದಲ ವಾರ ಅವರೇ ಪಕ್ಕದಲ್ಲಿ ಕೂತು ಗಲ್ಲಿಗಲ್ಲಿ ಓಡಿಸಿ ಕಲಿಸಿದರು. ಕಲಿಸುವಾಗಲೂ ನನ್ನನ್ನು ನಂಬದೆ ಒಂದು ಕೈಯನ್ನು ಹ್ಯಾಂಡ್‌ಬ್ರೇಕಿನ ಮೇಲೇ ಇಟ್ಟಿರುತ್ತಿದ್ದರು. ಒಬ್ಬಳೇ ಮೊದಲ ಸಲ ಹೆಬ್ಬಾಳದ ಕೆರೆ ದಾಟಿದ ದಿನ ಕಾರಿನೊಳಗೆ ಜೋರಾಗಿ ಹಾಡಿದ್ದು ನೆನಪಿದೆ. ನನಗೆ ಹಾಡಲು ಬರುವುದಿಲ್ಲ.

ಹತ್ತು ತಿಂಗಳು ಎಲ್ಲವೂ ಸರಿಯಿತ್ತು. ಒಂದು ಬೆಳಿಗ್ಗೆ ಹೆಬ್ಬಾಳ ಫ್ಲೈಓವರಿನ ಏರಿನಲ್ಲಿ ಕಾರು ಇದ್ದಕ್ಕಿದ್ದಂತೆ ಬಲ ಕಳೆದುಕೊಂಡಿತು. ಹಿಡಿ ಎಳೆದರೆ ಎಂಜಿನ್ನು ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ನಿಧಾನಕ್ಕೆ ಹಿಂದಕ್ಕೆ ಸರಿಯತೊಡಗಿತು. ಹಿಂದೆ ವಿಮಾನ ನಿಲ್ದಾಣದ ಬಸ್ಸು. ಭುಜ ಕಿತ್ತುಬರುವಂತೆ ಹಿಡಿಯನ್ನು ಒತ್ತಿದೆ. ಬ್ರೇಕು ಹಿಡಿಯಿತು. ಬಸ್ಸಿನ ಡ್ರೈವರ್ ಇಳಿದುಬಂದು ಬೈಯಲು ಬಾಯಿ ತೆರೆದವನು, ನನ್ನ ಕಾಲು ನೋಡಿ, ರಸ್ತೆಗೆ ನಿಂತು ಟ್ರಾಫಿಕ್ ತಿರುಗಿಸಿದ.

ಕಾರನ್ನು ಎಳೆದುಕೊಂಡು ಹೋದದ್ದು ಕಂಪನಿಯ ಸರ್ವೀಸ್ ಸೆಂಟರಿಗೆ. ವಾರಂಟಿ ಇನ್ನೂ ಒಂದು ವರ್ಷದ ಮೇಲಿತ್ತು. ಎರಡು ದಿನ ಬಿಟ್ಟು ಅಲ್ಲಿನ ಅಡ್ವೈಸರ್ ಕರೆದು ಕೂರಿಸಿ, ನೀರು ತರಿಸಿಕೊಟ್ಟು, ಮೆತ್ತಗೆ ಹೇಳಿದ. ಗೇರು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಸುಟ್ಟುಹೋಗಿದೆ. ಪೆಡಲುಗಳ ಹತ್ತಿರ ಯಾರೋ ವೈರು ಕತ್ತರಿಸಿದ್ದಾರೆ. ಹೊರಗಡೆ ಮಾಡಿಸಿದ ಫಿಟಿಂಗು, ಆದ್ದರಿಂದ ವಾರಂಟಿ ಅನ್ವಯಿಸುವುದಿಲ್ಲ.

"ಅವರು ವೈರ್ ಮುಟ್ಟಿಲ್ರೀ" ಅಂದೆ.

"ನೀವು ನೋಡಿದ್ರಾ ಮೇಡಂ, ಅವ್ರು ಒಳಗಡೆ ಏನ್ ಕಟ್ ಮಾಡಿದ್ರು ಅಂತ?"

ನಾನು ನೋಡಿರಲಿಲ್ಲ. ಎಳೆದ ಷಟರು ಕಣ್ಣ ಮುಂದೆ ಬಂತು. ನೋಡೋಕೆ ಏನೂ ಇಲ್ಲದಿದ್ದರೆ ಷಟರು ಯಾಕೆ ಎಳೆಯಬೇಕಿತ್ತು?

ಹೊರಗೆ ಬಂದು ಫಿಟ್ಟರಣ್ಣನಿಗೆ ಫೋನು ಮಾಡಿದೆ. "ಯಾವ್ ವೈರು? ನಾನು ವೈರ್ ಮುಟ್ಟೋನೇ ಅಲ್ಲ" ಎಂದರು. ಹಿಂದೆಯೇ, "ಅವ್ರು ಏನ್ ಕೊಟ್ರೂ ಸೈನ್ ಮಾಡ್ಬೇಡಿ ಕಣ್ರೀ. ಬಾಯಲ್ ಹೇಳೋದನ್ನ ಅವ್ರೇ ಬರ್ದ್ಕೊಡ್ಲಿ" ಎಂದರು. ಒಳ್ಳೆಯ ಸಲಹೆಯೇ. ಆದರೆ ಆ ಹೊತ್ತಿಗೆ ಅಡ್ವೈಸರನ ಮಾತಿನಿಂದ ನನ್ನ ಕಿವಿ ಕೆಟ್ಟಿತ್ತು. ಈ ಮನುಷ್ಯನಿಗೆ ನನ್ನ ಸಹಿಯ ಭಯವೇಕೆ ಎಂದು ಯೋಚಿಸಿದೆ.

ಮೂರು ವಾರ ಮತ್ತೆ ಬಸ್ಸು, ಆಟೊ. ಒಂದು ಮಧ್ಯಾಹ್ನ ಬಸ್ಸಿನ ಮೆಟ್ಟಿಲಲ್ಲಿ ಜಾರಿ ಮೊಣಕೈ ಒಡೆದುಕೊಂಡೆ. ಆ ವಾರವೇ ಅಡ್ವೈಸರ್ ಒಂದು ದಾರಿ ಹೇಳಿದ. ಹೊರಗಿನ ಫಿಟ್ಟರ್ ಮಾಡಿದ ಕೆಲಸದಿಂದ ವೈರಿಂಗ್ ಹಾಳಾಗಿದೆ, ಅದು ನನಗೆ ತಿಳಿದಿರಲಿಲ್ಲ ಎಂದು ಒಂದು ಪತ್ರ ಬರೆದುಕೊಟ್ಟರೆ ಕಂಪನಿಯವರು ಮಾನವೀಯತೆಯ ಮೇಲೆ ಪರಿಗಣಿಸುತ್ತಾರಂತೆ. ಅವನೇ ಟೈಪು ಮಾಡಿಟ್ಟಿದ್ದ. ನಾನು ಸಹಿ ಹಾಕಿದೆ. ಓದಿಯೇ ಹಾಕಿದೆ.

ಒಂದು ವಾರಕ್ಕೆ ಉತ್ತರ ಬಂತು. ಹಾನಿ ಹೊರಗಿನ ಮಾರ್ಪಾಡಿನಿಂದಾದದ್ದು ಎಂದು ಗ್ರಾಹಕರೇ ಒಪ್ಪಿಕೊಂಡಿರುವುದರಿಂದ ವಾರಂಟಿ ಕೋರಿಕೆಯನ್ನು ತಿರಸ್ಕರಿಸಲಾಗಿದೆ.

ಆಗ ನಾನು ಹೋದದ್ದು ಮತ್ತಿಕೆರೆಗೆ. ತಿರಸ್ಕಾರದ ಸುದ್ದಿ ಹೇಳಿದೆ. ನನ್ನ ಪತ್ರದ ವಿಷಯ ಹೇಳಲಿಲ್ಲ; ಬಾಯಿ ಬರಲಿಲ್ಲ. ಅವರು ಸ್ಪ್ಯಾನರುಗಳನ್ನು ಬಟ್ಟೆ ಚೀಲಕ್ಕೆ ಹಾಕಿಕೊಂಡು, "ನಡೀರಿ" ಎಂದರು. ಆಟೊದಲ್ಲಿ ದಾರಿಯುದ್ದಕ್ಕೂ ಹೇಳಿಕೊಟ್ಟರು: "ಅವ್ರು ಕಾಫಿ ಕೊಟ್ರೆ ಕುಡೀಬೇಡಿ. ಕಾಫಿ ಕುಡಿದ್ರೆ ದಾಕ್ಷಿಣ್ಯ ಬರತ್ತೆ."

ಅಡ್ವೈಸರ್ ಅವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ಡ್ರಾಯರಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಇಟ್ಟ. "ಮೇಡಮ್ಮೇ ಬರ್ದ್ಕೊಟ್ಟಿದಾರಲ್ಲ ಯಜಮಾನ್ರೇ."

ಫಿಟ್ಟರಣ್ಣ ಕನ್ನಡಕ ಹಾಕಿಕೊಂಡರು. ಹಾಳೆ ಇಂಗ್ಲಿಷಿನಲ್ಲಿತ್ತು. ಒಂದೊಂದೇ ಪದದ ಕೆಳಗೆ ಉಗುರಿಲ್ಲದ ಬೆರಳು ಸರಿಸುತ್ತ ಓದಿದರು. ಕೊನೆಯಲ್ಲಿ ನನ್ನ ಸಹಿಯ ಮೇಲೆ ಬೆರಳು ನಿಂತಿತು. ನಾನು ನೆಲ ನೋಡುತ್ತಿದ್ದೆ. ಅವರು ನನ್ನ ಕಡೆ ತಿರುಗಲಿಲ್ಲ. ಹಾಳೆಯನ್ನು ಮಡಿಸದೆ ಅವನ ಕಡೆಗೇ ಸರಿಸಿದರು.

"ಗಾಡಿ ತೋರ್ಸಿ."

"ಏನ್ ಪ್ರಯೋಜ್ನ ಸರ್—"

"ನನ್ ಮೇಲೆ ಹಾಕಿ ಕಾಗ್ದ ಮಾಡಿದೀರ. ನನ್ ಕೆಲ್ಸ ನಾನು ನೋಡ್ಬಾರ್ದಾ?"

ಹೊರಗೆ ಆಗಲೇ ಇಬ್ಬರು ಗ್ರಾಹಕರು ಕಿವಿಗೊಟ್ಟು ನಿಂತಿದ್ದರು. ಒಳಗಿಂದ ಮ್ಯಾನೇಜರ್ ಬಂದ, ಒಪ್ಪಿದ.

ಕಾರಿನ ನೆಲದ ಮೇಲೆ ಅಂಗಾತ ಮಲಗಿ ಫಿಟ್ಟರಣ್ಣ ತಾವು ಕೂರಿಸಿದ್ದನ್ನೆಲ್ಲ ಬಿಚ್ಚಿದರು. ಕಾಲು ಗಂಟೆಯೂ ಹಿಡಿಯಲಿಲ್ಲ. ಎರಡು ಸರಳು, ಮೂರು ಪಟ್ಟಿ, ಒಂದು ಹಿಡಿ, ಒಂದಿಷ್ಟು ಬೋಲ್ಟು. ಎಲ್ಲವನ್ನೂ ಬಾನೆಟ್ಟಿನ ಮೇಲೆ ಸಾಲಾಗಿ ಜೋಡಿಸಿದರು. ಅವರು ಯಾರಿಗೂ ತೋರಿಸದೆ ಕಾಪಾಡಿಕೊಂಡು ಬಂದ ಕೆಲಸ ಅಷ್ಟು ಜನರ ಎದುರು ಬಿಚ್ಚಿಕೊಂಡು ಬಿದ್ದಿತ್ತು.

"ಇದ್ರಲ್ಲಿ ಎಲ್ಲಾದ್ರೂ ಒಂದು ವೈರ್ ಇದ್ರೆ ತೋರ್ಸಿ. ಬರೀ ಕಬ್ಬಿಣ."

ಅವರು ಮತ್ತೆ ಟಾರ್ಚು ಹಿಡಿದು ಒಳಗೆ ಬಗ್ಗಿದರು. ಪೆಡಲುಗಳ ಮೇಲೆ, ಕಾಲಿಡುವ ಜಾಗಕ್ಕೆ ಬೆಳಕು ಚೆಲ್ಲುವ ಒಂದು ಪುಟ್ಟ ನೀಲಿ ದೀಪವಿತ್ತು. ಕಾರು ಕೊಂಡಾಗ ಶೋರೂಮಿನವರೇ ಉಚಿತ ಕೊಡುಗೆ ಎಂದು ಹಾಕಿಕೊಟ್ಟದ್ದು. ಅದರ ವೈರನ್ನು ಹಿಡಿದುಕೊಂಡು ಬೆರಳು ಮೇಲೆ ಮೇಲೆ ಹೋಯಿತು, ನಿಂತಿತು. "ಇಲ್ಲಿ ಫೋಟೊ ತೆಗೀರಿ" ಎಂದು ಅಡ್ವೈಸರನನ್ನು ಕರೆದರು. ನಾನು ನನ್ನ ಫೋನು ಚಾಚಿದೆ. "ನಿಮ್ಮದ್ರಲ್ಲಿ ಬೇಡ. ಅವ್ರದ್ರಲ್ಲೇ ತೆಗೀಲಿ. ಆಮೇಲೆ ನಾವೇ ಏನೋ ಮಾಡಿದ್ವಿ ಅಂತಾರೆ" ಎಂದರು. ಆ ಪತ್ರ ಓದಿದ ಮೇಲೆ ಅವರು ನನಗೆ ನೇರವಾಗಿ ಹೇಳಿದ ಮೊದಲ ಮಾತು ಅದು.

ಫೋಟೊದಲ್ಲಿ ಎಲ್ಲರಿಗೂ ಕಂಡಿತು. ಗೇರಿನ ಆ ಸುಟ್ಟ ಪೆಟ್ಟಿಗೆಗೆ ಹೋಗುವ ವೈರಿನ ಸಿಪ್ಪೆ ಸುಲಿದು, ದೀಪದ ವೈರನ್ನು ಅದಕ್ಕೆ ಸುತ್ತಿ, ಮೇಲೆ ಟೇಪು ಅಂಟಿಸಿದ್ದರು. ಟೇಪು ಕರಗಿ ಕಪ್ಪಾಗಿತ್ತು. ಡೆಲಿವರಿ ಚೀಟಿ ಡ್ಯಾಶ್‌ಬೋರ್ಡಿನಲ್ಲೇ ಇತ್ತು. ದೀಪದ ಹೆಸರು, ಅದರ ಮುಂದೆ ಶೋರೂಮಿನದೇ ಮೊಹರು. ಮ್ಯಾನೇಜರ್ ಅದನ್ನು ಎರಡು ಸಲ ಓದಿದ. ಆರ್‌ಸಿಯಲ್ಲಿ ಮಾರ್ಪಾಡು ನಮೂದಾಗಿದ್ದುದನ್ನೂ ನೋಡಿದ. ನಾನು ಅಲ್ಲೇ ಕೂತು, ಹಿಂದಿನ ಪತ್ರ ತಪ್ಪು ತಿಳಿವಳಿಕೆಯಿಂದ ಕೊಟ್ಟದ್ದು ಎಂದು ಕನ್ನಡದಲ್ಲಿ, ನನ್ನ ಕೈಯಾರೆ ಇನ್ನೊಂದು ಪತ್ರ ಬರೆದೆ. ಹದಿನೈದು ದಿನದಲ್ಲಿ ವಾರಂಟಿಯಲ್ಲೇ ಕಾರು ದುರಸ್ತಿಯಾಗಿ ಬಂತು.

ಆವತ್ತು ಗೇಟಿನ ಹತ್ತಿರ, "ಅಣ್ಣಾ, ಆ ಪತ್ರ..." ಎಂದು ಶುರು ಮಾಡಿದೆ.

"ಗಾಡಿ ಬಂದ್ಮೇಲೆ ತಗೊಂಡ್ಬನ್ನಿ. ಹಿಡಿ ಮತ್ತೆ ಕೂರಿಸ್ಬೇಕು" ಎಂದಷ್ಟೇ ಹೇಳಿ, ನನ್ನ ಆಟೊ ಹತ್ತದೆ ಬಸ್ಸಿಗೆ ಹೋದರು.

ಡ್ರೈವರೊಬ್ಬನನ್ನು ಕೂರಿಸಿಕೊಂಡು ಕಾರು ತೆಗೆದುಕೊಂಡು ಹೋದಾಗ ನಾನು ಅಭ್ಯಾಸದಂತೆ ಎದುರಿನ ಜಗಲಿಯ ಕಡೆ ನಡೆದೆ. ಅವರು ತಡೆದರು. ಷೆಡ್ಡಿನೊಳಗೆ ಒಂದು ಸ್ಟೂಲು ಇಟ್ಟು, "ಇಲ್ಲಿ ಕೂತ್ಕೊಳಿ. ಒಂದೊಂದು ಬೋಲ್ಟೂ ನೋಡಿ. ಆಮೇಲೆ ನೋಡ್ಲಿಲ್ಲ ಅನ್ಬೇಡಿ" ಎಂದರು. ದನಿಯಲ್ಲಿ ಮುಳ್ಳಿತ್ತು. ಆದರೂ ಬೇರೆ ಯಾರಿಗೂ ತೋರಿಸದ ಕೆಲಸವನ್ನು ಅವರು ಆಮೇಲಿನ ವರ್ಷಗಳಲ್ಲಿ ನನಗೆ ಪ್ರತಿ ಸಲವೂ ತೋರಿಸಿಯೇ ಮಾಡಿದರು. ಯಾವ ಬೋಲ್ಟು ಸಡಿಲವಾದರೆ ಹಿಡಿ ಹೇಗೆ ಅದುರುತ್ತದೆ, ಬ್ರೇಕಿನ ಸರಳು ಎಷ್ಟು ಬಿಗಿಯಿರಬೇಕು ಎಲ್ಲ ನನಗೆ ಗೊತ್ತಾಯಿತು. ನನ್ನ ಮೇಲಿನ ಅನುಮಾನ ಹೋಗಿತ್ತೋ ಇಲ್ಲವೋ, ಕೊನೆಯವರೆಗೂ ತಿಳಿಯಲಿಲ್ಲ. ಒಮ್ಮೆ ಊರಿಂದ ರೊಟ್ಟಿ, ಶೇಂಗಾ ಚಟ್ನಿ ತಂದುಕೊಟ್ಟರೆ, "ಯಾಕೆ, ಏನಾಗ್ಬೇಕಿತ್ತು?" ಎಂದು ಕೇಳಿದ್ದರು.

ಹೋದ ವರ್ಷ ಅವರು ತೀರಿಕೊಂಡರು. ಎದೆನೋವು ಬಂದಾಗಲೂ ಒಬ್ಬ ವೈದ್ಯರ ಮಾತು ನಂಬದೆ ಇನ್ನೊಬ್ಬರನ್ನು ಕೇಳಲು ಹೊರಟಿದ್ದರಂತೆ. ನಾನು ಹೋದಾಗ ಗಲ್ಲಿಯ ಬಾಯಲ್ಲಿ ಕಾರುಗಳ ಸಾಲು. ಒಂದೊಂದರಿಂದಲೂ ಒಬ್ಬೊಬ್ಬರು ಇಳಿಯುತ್ತಿದ್ದರು, ಊರುಗೋಲು ಊರಿಕೊಂಡು, ಕ್ಯಾಲಿಪರ್ ಸರಿಮಾಡಿಕೊಂಡು, ಇಬ್ಬರು ಗಾಲಿಕುರ್ಚಿ ಬಿಡಿಸಿಕೊಂಡು. ನಮಗೆ ಯಾರಿಗೂ ಯಾರ ಪರಿಚಯವೂ ಇರಲಿಲ್ಲ. ಒಬ್ಬರ ವಿಷಯ ಇನ್ನೊಬ್ಬರಿಗೆ ಅವರು ಹೇಳಿದವರೇ ಅಲ್ಲ.

ಜನ ಕರಗಿದ ಮೇಲೆ ಅವರ ಹೆಂಡತಿಯ ಪಕ್ಕ ಕೂತು ಆ ಪತ್ರದ ವಿಷಯ ಹೇಳಿದೆ. ಅಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

"ಗೊತ್ತಮ್ಮ" ಎಂದರು ಆಕೆ. "ಆವತ್ತು ಮನೆಗೆ ಬಂದು ಊಟ ಬೇಡ ಅಂದ್ರು. ಮಾರನೇ ದಿನಾನೂ ಸರಿಯಾಗಿ ಉಣ್ಲಿಲ್ಲ. ನಿಮ್ ಗಾಡಿ ಕೆಲ್ಸ ಇನ್ಮೇಲೆ ಮಾಡ್ಬೇಡಿ ಅಂತ ನಾನೇ ಅಂದೆ."

"ಏನಂದ್ರು?"

"'ಷಟರ್ ಎಳೆದೋನು ನಾನು. ಅವರ ಜಾಗದಲ್ಲಿ ನಾನಿದ್ರೂ ನನ್ನನ್ನೇ ಅನುಮಾನ ಪಡ್ತಿದ್ದೆ' ಅಂದ್ರು."

ಆಕೆ ಎದ್ದು ಒಳಗೆ ಹೋಗಿ ನನಗೆ ಕಾಫಿ ತಂದುಕೊಟ್ಟರು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಡಿದೆ.