ದೊಡ್ಡಪ್ಪನ ತೋಟಕ್ಕೆ ಬೀಗರು ಬಂದ ದಿನ

ಅಪ್ಪನ ದ್ರಾಕ್ಷಿ ವೈನ್ ಫ್ಯಾಕ್ಟರಿಗೆ ಹೋಗುತ್ತದೆಂಬ ಸುದ್ದಿ ದೊಡ್ಡಪ್ಪನ ಕಿವಿಗೆ ಬಿದ್ದದ್ದು ನಮ್ಮ ಅಕ್ಕನ ನಿಶ್ಚಿತಾರ್ಥದ ದಿನ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರು ಇಂಥ ಮನೆಯಲ್ಲಿ ಉಣ್ಣಬಾರದೆಂದು ಅವರು ಊಟದ ಪಂಕ್ತಿಯಿಂದ ಎದ್ದೇಬಿಟ್ಟರು. ಮನೆಯ ಹಿರಿಯರು ಎದ್ದ ಮೇಲೆ ಇನ್ಯಾರು ಕೂರುತ್ತಾರೆ? ಗಂಡಿನವರೂ ಎದ್ದರು, ತಿರುಗಿ ಬರಲಿಲ್ಲ. ಅಪ್ಪ ಬಳ್ಳಿ ಕಿತ್ತೆಸೆದು ತೊಗರಿ ಬಿತ್ತಿದ. ಅಕ್ಕ ಮತ್ತೊಂದು ಗಂಡು ನೋಡಲು ಒಪ್ಪಲೇ ಇಲ್ಲ. ಈಗಲೂ ಆಳಂದದಲ್ಲಿ ನನ್ನ ಜೊತೆಗಿದ್ದಾಳೆ, ಊರವರ ಜಂಪರ್ ಹೊಲಿಯುತ್ತಾಳೆ. ದೊಡ್ಡಪ್ಪನ ಮೇಲಿನ ಸಿಟ್ಟನ್ನು ನಾನು ಒಂದು ದಿನವೂ ಆರಲು ಬಿಟ್ಟಿಲ್ಲ.

ಈ ಸಲ ಶಿವರಾತ್ರಿಯ ಹತ್ತಿರ ಅವರೇ ಫೋನ್ ಮಾಡಿದರು. ಮೊಮ್ಮಗಳನ್ನು ಜೇವರ್ಗಿ ಕಡೆಯವರು ಕೇಳಿದ್ದಾರೆ, ಬೀಗರು ತೋಟ ನೋಡಲು ಬರುತ್ತಾರೆ, ಬಡಿಸಲು ಬಾ ಎಂದರು. ಅವರ ದ್ರಾಕ್ಷಿ ಈಗ ಎಲ್ಲಿಗೆ ಹೋಗುತ್ತದೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಖುಷಿಯಿಂದಲೇ ಹೊರಟೆ.

ಅಫಜಲಪುರ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಒಂದು ಚಹಾ ಕುಡಿದೆ. ಬಜಾರಿನಲ್ಲಿ ಬೀಗರಿಗೆಂದು ಹೂವು ಕೊಂಡೆ. ಊರು ದಾಟಿದರೆ ಭೀಮಾ ನದಿಯ ಕಡೆಗೆ ಸಾಲುಸಾಲು ದ್ರಾಕ್ಷಿ ಚಪ್ಪರ. ದೊಡ್ಡಪ್ಪ ಬೀಗರನ್ನು ಹಳೆಯ ಒಣದ್ರಾಕ್ಷಿ ಶೆಡ್ಡಿಗೆ ಕರೆದೊಯ್ದು, "ಎಲ್ಲಾ ಇಲ್ಲೇ ಒಣಗಸ್ತೇವ್ರಿ" ಎಂದರು. ವಿಭೂತಿ ಹಚ್ಚಿದ ಹಣೆ, ಬಾಯಲ್ಲಿ ಹಸಿ ಸುಳ್ಳು.

ನಾನು ಹುಡುಗನ ತಾಯಿಯ ಕೈ ಹಿಡಿದು, "ಬರ್ರಿ, ಇನ್ನೂ ನೋಡೋದದ" ಎಂದೆ. ರಸ್ತೆಯ ಆಚೆಗೇ ವೈನ್ ಫ್ಯಾಕ್ಟರಿ. ಹುಡುಗಿ ಏನು ಪಾಪ ಮಾಡಿದ್ದಾಳೆ ಎಂಬ ಯೋಚನೆ ಬಂತು. ಪಕ್ಕಕ್ಕೆ ತಳ್ಳಿದೆ. ಒಳಗೆ ಮನೆಯೆತ್ತರದ ಸ್ಟೀಲ್ ಟ್ಯಾಂಕುಗಳು, ಹುಳಿಹುಳಿ ವಾಸನೆ. ಬಾಗಿಲಲ್ಲಿ ಇಳಿಸುತ್ತಿದ್ದ ಕ್ರೇಟುಗಳ ಮೇಲೆಲ್ಲ ದೊಡ್ಡಪ್ಪನ ಹೆಸರು. ಬೆರಳಿಟ್ಟು ತೋರಿಸಿದೆ.

ಬೀಗಿತ್ತಿ ಓದಿ ನಕ್ಕುಬಿಟ್ಟರು. "ನಾವೂ ಮೂರು ವರ್ಷದಿಂದ ಇಲ್ಲಿಗೇ ಕೊಡಾಕತ್ತೇವ್ರಿ. ನಿಮ್ಮ ದೊಡ್ಡಪ್ಪಾರು ಎಲ್ಲಿ ಬ್ಯಾಸರ ಮಾಡ್ಕೋತಾರೋ ಅಂತ ಹೇಳಿರಲಿಲ್ಲ ನೋಡ್ರಿ."

ಊಟಕ್ಕೆ ಕೂತಾಗ ಅವರೇ ಅದನ್ನು ಎಲ್ಲರಿಗೂ ಹೇಳಿದರು. ದೊಡ್ಡಪ್ಪ ಒಂದು ಕ್ಷಣ ಕಕ್ಕಾಬಿಕ್ಕಿಯಾದರು, ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕರು. ಒಬ್ಬರೂ ಏಳಲಿಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು. ಇಷ್ಟು ಹಗುರಾದ ಮಾತಿಗೆ ನನ್ನ ಅಕ್ಕನ ಬಾಳು ಹಾಳಾಗಿತ್ತೇ?

"ಹಂಗಾರ ನಮ್ಮಕ್ಕನ ಲಗ್ನ ಯಾಕ ಮುರದ್ರಿ?" ಬಡಿಸುತ್ತಿದ್ದವಳು ನಿಂತಲ್ಲೇ ಕೇಳಿದೆ.

"ಆಗಿನ ಕಾಲ ಬ್ಯಾರೆ ಇತ್ತವ್ವಾ" ಎಂದು ದೊಡ್ಡಪ್ಪ ಹೋಳಿಗೆ ಮುರಿಯುತ್ತ, ತುಪ್ಪ ಹಾಕೆಂದು ಬೆರಳಲ್ಲಿ ತೋರಿಸಿದರು.

ತುಂಬಿದ ಗಿಂಡಿ ನನ್ನ ಕೈಯಲ್ಲೇ ಇತ್ತು.

"ನಿಮಗ ತುಪ್ಪ ಇಲ್ರಿ" ಎಂದು ಬೀಗರ ಎದುರಿಗೇ ಹೇಳಿ, ಮುಂದಿನ ತಾಟಿಗೆ ಸುರಿದೆ.