ಬೀಗರ ನಡುವೆ ಬಿದ್ದ ಚೆಂಡು

ಮನುಷ್ಯನ ಯೋಗ್ಯತೆ ತಿಳಿಯಬೇಕಾದರೆ, ಕರ್ತವ್ಯ ಕರೆದಾಗ ಅವನು ನಿಂತ ಜಾಗ ಬಿಟ್ಟು ಎಷ್ಟು ದೂರ ಓಡಬಲ್ಲ ಎಂಬುದನ್ನು ನೋಡಬೇಕು. ನನ್ನ ವಿಷಯದಲ್ಲಿ ಆ ದೂರ ಎರಡೂವರೆ ಹೆಜ್ಜೆ. ಮುಂದಿನದಕ್ಕೆ ಮೊಣಕಾಲಿನ ಒಪ್ಪಿಗೆ ಬೇಕು, ಅದು ಸುಲಭಕ್ಕೆ ಸಿಗುವುದಿಲ್ಲ.

ರೋಣದಲ್ಲಿ ನಮ್ಮದೊಂದು ಟೆನಿಸ್ ಅಂಕಣವಿದೆ. ಎರೆಮಣ್ಣು ಬೇಸಿಗೆಯಲ್ಲಿ ಬಾಯಿ ತೆರೆದು ಚೆಂಡು ನುಂಗುತ್ತದೆಂದು ಅದರ ಮೇಲೆ ಗರಸುಮಣ್ಣು ಹಾಸಿ, ರೋಲರ್ ಎಳೆದು, ಸುಣ್ಣದ ಗೆರೆ ಹಾಕಿದ್ದೇವೆ. ಸಂಜೆ ಐದೂವರೆಯಿಂದ ಒಂದು ತಾಸು ಅದು ನನಗೂ ನನ್ನ ಬೀಗರಿಗೂ, ನಮ್ಮೆದುರು ನಿಲ್ಲಲು ಒಪ್ಪಿದ ಯಾವುದೇ ಇಬ್ಬರಿಗೂ ಸೇರಿದ್ದು. ಬೀಗರೆಂದರೆ ನನ್ನ ಸೊಸೆಯ ತಂದೆ, ಅಬ್ಬಿಗೇರಿಯ ಜಮೀನುದಾರರು. ಬೆಳಗಿನ ಹೊತ್ತು ಆಳುಗಳನ್ನು ಹೊಲಕ್ಕೆ ಹಚ್ಚುವುದೇ ಅವರಿಗೆ ದೊಡ್ಡ ಪಂದ್ಯ. ಸಂಜೆ ಮಾತ್ರ ಸ್ಕೂಟರ್ ಹತ್ತಿ ಬರಬಲ್ಲರು. ಆ ತಾಸು ಹೋದರೆ ನಮ್ಮ ಜೋಡಿಯೇ ಹೋಯಿತು.

ಆ ತಾಸಿಗೇ ಈ ವರ್ಷ ಕುತ್ತು ಬಂತು. ಗಜೇಂದ್ರಗಡದಿಂದ ದಿನಾಲೂ ಓಡಾಡುವ ಬ್ಯಾಂಕಿನ ಇಬ್ಬರು ತರುಣರು ನಮ್ಮ ಮುಂದೆ ಬಂದು ನಿಂತರು. ಅವರಲ್ಲಿ ಎತ್ತರದವನು ಕೈ ಮುಗಿದೇ ಮಾತು ತೆಗೆದ.

"ಸರ, ಏಳಕ್ಕ ನಮ್ಮ ಬಸ್ ಐತ್ರಿ. ಈ ತಾಸು ನಮಗ ಬಿಟ್ಟುಕೊಡ್ರಿ. ನೀವು ಆಡೂದಕ್ಕಿಂತ ನಿಲ್ಲೂದ ಭಾಳ ಆಗೈತಿ. ನಿಲ್ಲಾಕ ಅಂಕಣ ಯಾಕ ಬೇಕ್ರಿ?"

ಮಾತು ಖರೇ ಇದ್ದುದರಿಂದ ನನಗೆ ಸಿಟ್ಟು ಬಂತು. ಬರುವ ರವಿವಾರ ಒಂದು ಸೆಟ್ ಆಡುವುದು, ಗೆದ್ದವರಿಗೆ ಐದೂವರೆಯ ತಾಸು ಎಂದು ಅಲ್ಲೇ ಠರಾವಾಯಿತು.

ನಮ್ಮ ಜೋಡಿಯ ದೋಷವೇನೆಂಬುದನ್ನು ಪತ್ತೆ ಹಚ್ಚಿದವಳು ಸೊಸೆ. ಕಾಲೇಜಿನ ತಂಡದಲ್ಲಿ ಆಡಿದವಳು. ನಮ್ಮ ಅಭ್ಯಾಸ ನೋಡಲು ಕಟ್ಟೆಯ ಮೇಲೆ ಕುಳಿತಳು. ಮೊದಲ ಚೆಂಡೇ ನಮ್ಮಿಬ್ಬರ ನಡುವೆ ಬಂತು.

"ಹೊಡೀರಿ ಬೀಗರ," ಎಂದೆ ನಾನು.

"ಛೇ ಛೇ, ಮೊದಲ ನೀವು," ಎಂದರು ಬೀಗರು.

ಚೆಂಡು ಎರಡು ಸಲ ಪುಟಿದು, ನಮ್ಮ ಸೌಜನ್ಯಕ್ಕೆ ತಲೆದೂಗಿ, ಹಿಂದಿನ ಬೇಲಿಗೆ ಹೋಗಿ ಕುಳಿತಿತು.

"ಅಪ್ಪಾ! ಮಾವಾರ! ಇದೇನ್ ಊಟದ ಪಂಗ್ತಿ ಏನ್ರಿ?" ಎಂದಳು ಸೊಸೆ. "ಚೆಂಡಿಗೂ ಉಪಚಾರ ಮಾಡ್ತಾರೇನು?"

ಅವಳಿಗೆ ತಿಳಿಯದ್ದೇನೂ ಅಲ್ಲ. ಅವಳ ಮದುವೆಯಾದ ದಿನದಿಂದ ನಾನು ಬೀಗರಿಗಿಂತ ಮೊದಲು ಒಂದು ಲೋಟ ಚಹಾ ಕೂಡ ಎತ್ತಿದವನಲ್ಲ. ಅದಲ್ಲದೆ ನನ್ನ ನೌಕರಿ ಮೋಜಣಿ ಇಲಾಖೆಯದು. ನರಗುಂದದಲ್ಲಿ ಆಟ ಕಲಿತದ್ದೂ ಆ ನೌಕರಿಯಲ್ಲಿದ್ದಾಗಲೇ. ಜೀವಮಾನವಿಡೀ ಮಂದಿಯ ಹೊಲ ಅಳೆದು ಹದ್ದು ತೋರಿಸಿದವನು, ಅಂಕಣದ ನಡುವೆಯೂ ಕಾಣದ ಒಂದು ಬದು ಹಾಕಿಕೊಂಡು ನಿಂತಿದ್ದೆ. ಅದನ್ನು ದಾಟುವುದು ನನ್ನ ಲೆಕ್ಕದಲ್ಲಿ ಒತ್ತುವರಿ.

ಸೊಸೆ ಪಾಠ ಶುರು ಮಾಡಿದಳು. ಹೊಡೆದ ಚೆಂಡನ್ನು ನೋಡುತ್ತ ಸಂತೋಷಪಡಬಾರದು, ಕೂಡಲೇ ನಿಮ್ಮ ಜಾಗಕ್ಕೆ ಬರಬೇಕು. ಎದುರಿನವರು ಹೊಡೆಯುವ ಹೊತ್ತಿಗೆ ಎರಡೂ ಕಾಲ ಮೇಲೆ ಸಣ್ಣಗೆ ಜಿಗಿದು ತಯಾರಾಗಬೇಕು. ಒಬ್ಬರು ಬಲಕ್ಕೆ ಸರಿದರೆ ಇನ್ನೊಬ್ಬರೂ ಬಲಕ್ಕೆ, ಒಬ್ಬರು ಹಿಂದಾದರೆ ಇನ್ನೊಬ್ಬರೂ ಹಿಂದೆ. ಹೇಳಿದ್ದು ತಲೆಗೆ ಹೋಯಿತು, ಕಾಲಿಗೆ ಇಳಿಯಲಿಲ್ಲ. ಆಗ ಅವಳು ಅಪ್ಪನ ಸ್ಕೂಟರಿನಲ್ಲಿದ್ದ, ಹಿಂಡಿಯ ಚೀಲ ಕಟ್ಟುವ ಹಗ್ಗ ತಂದು ನಮ್ಮಿಬ್ಬರ ನಡುಗಳಿಗೂ ಕಟ್ಟಿದಳು. ಇಬ್ಬರ ನಡುವೆ ಏಳು ಮೊಳ ಅಂತರ.

ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ಸೈಕಲ್ ನಿಲ್ಲಿಸಿ, "ಜೋಡಿ ಚಲೋ ಐತ್ರಿ! ನರೇಗಲ್ ದನದ ಸಂತಿಗಿ ಹೊಂಟಿದ್ದೇನು?" ಎಂದು ಕೂಗಿದ.

"ಎಡಗಡಿದು ಸ್ವಲ್ಪ ಕುಂಟತೈತಿ," ಎಂದು ಬೀಗರು ಗಂಭೀರವಾಗಿ ಉತ್ತರಿಸಿದರು. "ಗಿರಾಕಿ ಸಿಗವಲ್ರು."

ಎಡಗಡೆ ನಿಂತವನು ನಾನು.

ನಾಲ್ಕು ಸಂಜೆ ಹಾಗೆ ಆಡಿದೆವು. ಮೊದಲ ದಿನ ಇಬ್ಬರೂ ಎರಡು ಸಲ ಬಿದ್ದೆವು. ನಾಲ್ಕನೆಯ ದಿನ ಹಗ್ಗ ಬಿಗಿಯಾಗಲೇ ಇಲ್ಲ. ಆದರೆ ನಡುವಿನ ಚೆಂಡಿನ ಪ್ರಶ್ನೆ ಉಳಿದೇ ಇತ್ತು.

"ಅದು ನಿಮ್ಮದರಿ, ಮಾವಾರ," ಎಂದಳು ಸೊಸೆ. "ಎಡಕ್ಕ ನಿಂತವರ ಬಲಗೈ ನಡುವಿನ ಕಡೆ ಇರತೈತಿ. ಕೇಳೂದಿಲ್ಲ, ಹೇಳೂದಿಲ್ಲ, ಹೊಡಿಯೂದ."

ತತ್ವದ ಮಟ್ಟಿಗೆ ಒಪ್ಪಿದೆ.

ರವಿವಾರ ತರುಣರು ಬಿಳಿ ಬೂಟು ಹಾಕಿಕೊಂಡು ಬಂದರು. ಅವರ ಕಾಲಲ್ಲಿ ಕಸುವಿತ್ತು, ಎಲ್ಲ ಕಡೆಯೂ ಇದ್ದರು. ಆದರೆ ಒಬ್ಬ ಓಡಿದಾಗ ಇನ್ನೊಬ್ಬ ನಿಂತು ನೋಡುತ್ತಿದ್ದ. ಓಡಿದವನು ಬಿಟ್ಟುಹೋದ ಜಾಗಕ್ಕೆ ಬೀಗರು ಬೀಜ ಬಿತ್ತಿದಷ್ಟು ನಿಧಾನವಾಗಿ ಚೆಂಡು ಹಾಕುತ್ತಿದ್ದರು. ಐದು-ಐದಾಯಿತು. ಆಮೇಲೆ ನಮಗೆ ಆರು. ಮುಂದಿನ ಆಟದಲ್ಲಿ ಇನ್ನೊಂದು ಅಂಕ ಸಿಕ್ಕರೆ ಸೆಟ್ ನಮ್ಮದು ಎಂಬಲ್ಲಿಗೆ ಬಂದು ನಿಂತೆವು.

ಎತ್ತರದವನು ಬಲವಾಗಿ ಹೊಡೆದ. ಚೆಂಡು ಸೀದಾ ನಡುವಿಗೆ ಬಂತು. ಬೀಗರು ಆಗಲೇ ರ‍್ಯಾಕೆಟ್ ಎತ್ತಿದ್ದರು. ನನ್ನ ನಾಲಗೆ ರೂಢಿಯಂತೆ "ಹೊಡೀರಿ" ಅನ್ನಲು ತಯಾರಾಯಿತು. ಬಾಯಿ ಮುಚ್ಚಿಕೊಂಡು, ಬದು ದಾಟಿ, ಅವರ ಮೂಗಿನ ಮುಂದಿನಿಂದ ಚೆಂಡನ್ನು ಬಾರಿಸಿದೆ. ನನ್ನ ಭುಜ ತಾಗಿ ಬೀಗರು ಗರಸಿನ ಮೇಲೆ ಕುಳಿತುಬಿಟ್ಟರು. ಚೆಂಡು ತರುಣರ ಹಿಂದಿನ ಮೂಲೆಗೆ ಹೋಯಿತು. ಎತ್ತರದವನು ಓಡಿ ಮುಟ್ಟಿದ, ಆದರೆ ಅದನ್ನು ಬಲೆಗೆ ಹೊಡೆದ.

ಗೆದ್ದದ್ದು ನನಗೆ ಹೊಳೆಯಲೇ ಇಲ್ಲ. "ತಪ್ಪಾತ್ರಿ ಬೀಗರ, ಪೆಟ್ಟಾತೇನ್ರಿ?" ಎಂದು ಕೈ ಕೊಟ್ಟೆ.

ಬೀಗರು ಏಳಲಿಲ್ಲ. ನನ್ನನ್ನೇ ನೋಡಿದರು. "ನನ್ನ ಎಲಿ ಒಳಗಿನ ಹೋಳಿಗಿ ಕಸಗೊಂಡ್ರಿ ನೀವು," ಎಂದರು.

ನಾನು ಬಗ್ಗಿ ಅವರ ರ‍್ಯಾಕೆಟ್ ಎತ್ತಿಕೊಂಡೆ.

"ಆದ್ರ ಚಲೋ ತಿಂದ್ರಿ ಬಿಡ್ರಿ," ಎಂದು ಕೈ ಹಿಡಿದು ಎದ್ದರು. ಕಟ್ಟೆಯ ಮೇಲೆ ಸೊಸೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಏಳು-ಐದು. ಬ್ಯಾಂಕಿನವರು ಈಗ ಬೆಳಗಿನ ಮೊದಲ ಬಸ್ಸಿಗೆ ಬಂದು ಏಳೂವರೆಗೆ ಆಡುತ್ತಾರೆ.