ಒಲೆಯ ಹತ್ತಿರ ನಡೆದ ಸಭೆ

ಅವರ ಮೊಣಕಾಲಿನ ಕೆಳಗೆಲ್ಲ ಜಿಗಣೆ ಕಚ್ಚಿದ ಕಪ್ಪು ಕಲೆಗಳಿದ್ದವು. ಭಾಷಣ ಕಾವೇರಿದಾಗ ಒಂದು ಕಾಲಿನ ಹೆಬ್ಬೆರಳಿನಿಂದ ಇನ್ನೊಂದು ಕಾಲನ್ನು ಕೆರೆದುಕೊಳ್ಳುತ್ತಿದ್ದರು. ಪಾಲಿಬೆಟ್ಟದ ಕಡೆಯ ನಮ್ಮ ಕಾಫಿ ಎಸ್ಟೇಟಿನಲ್ಲಿ, ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿ ಎಲ್ಲರಿಗೂ ಅವರು ಯೂನಿಯನ್ ಅಕ್ಕ. ಮೊದಲು ತಾವೂ ಕಾಫಿ ಕೊಯ್ದವರು, ಆಮೇಲೆ ಸಂಘದ ಕೆಲಸಕ್ಕೆ ಇಳಿದವರು.

ಭಾನುವಾರ ಮಧ್ಯಾಹ್ನ ಕಾಫಿ ಒಣಗಿಸುವ ಕಣದ ಅಂಚಿನಲ್ಲಿ, ಶೆಡ್ಡಿನ ಮುಂದೆ ಜನರನ್ನು ಕೂರಿಸಿ ಮಾರ್ಕ್ಸ್‌ವಾದ ಹೇಳುತ್ತಿದ್ದರು. ತೋಟದ ಕೆಲಸವಷ್ಟೇ ದುಡಿಮೆಯಲ್ಲ, ಆ ಕೆಲಸಕ್ಕೆ ಹೋಗುವವನಿಗೆ ಬೆಳಿಗ್ಗೆ ಬೇಯಿಸಿ ಹಾಕುವುದೂ ದುಡಿಮೆಯೇ. ಅದನ್ನು ದುಡಿಮೆ ಎಂದು ಒಪ್ಪುವವರೆಗೆ ಹೆಂಗಸಿಗೆ ಬಿಡುಗಡೆಯಿಲ್ಲ ಎನ್ನುತ್ತಿದ್ದರು. ಗಂಡಸರು ತಲೆದೂಗುತ್ತಿದ್ದರು. ತಲೆದೂಗುವುದಕ್ಕೆ ಕಷ್ಟವೇನು!

ಆ ವರ್ಷದ ಕೊಯ್ಲು ಶುರುವಾದಾಗ ನನ್ನನ್ನು ಐದನೇ ಕ್ಲಾಸಿನಿಂದ ಬಿಡಿಸಿದ್ದರು. ಅಮ್ಮ ಹಣ್ಣು ಕೊಯ್ಯುವಾಗ, ಎರಡು ಮರಗಳ ನಡುವೆ ಕಟ್ಟಿದ ಸೀರೆಯ ಜೋಲಿಯಲ್ಲಿ ಎಂಟು ತಿಂಗಳ ತಂಗಿಯನ್ನು ತೂಗುತ್ತ, ಇರುವೆ ಓಡಿಸುತ್ತ ಕೂರುವುದು ನನ್ನ ಕೆಲಸವಾಗಿತ್ತು.

ಒಂದು ಭಾನುವಾರ ಮ್ಯಾನೇಜರಿಗೆ ಕೊಡುವ ಬೇಡಿಕೆ ಪಟ್ಟಿ ತಯಾರಾಗಬೇಕಿತ್ತು. ಸೂರಿನ ರಿಪೇರಿ, ಕಂಬಳಿ, ಮಳೆಕೋಟು ಎಂದು ಅಕ್ಕ ಕೇಳಿ ಕೇಳಿ ಬರೆದುಕೊಂಡರು. ಎಲ್ಲರಿಂದ ಸೈನ್ ಹಾಕಿಸುವ ಹೊತ್ತಿಗೆ ಅಮ್ಮ ಟೀ ತಂದಳು.

"ನೀನೂ ಒಂದು ಸೈನ್ ಹಾಕು," ಎಂದರು ಅಕ್ಕ.

"ಹಾಕ್ತೀನಿ ಅಕ್ಕ. ಮಕ್ಳನ್ನ ನೋಡ್ಕೊಳ್ಳೋಕೆ ಒಂದು ರೂಮು, ಒಬ್ರು ಆಯಾ ಅಂತ ಬರ್ದಿದ್ದೀರಲ್ಲ?"

"ಯಾರೂ ಹೇಳ್ಲೇ ಇಲ್ವಲ್ಲ. ನೀನ್ಯಾಕೆ ಹೇಳ್ಲಿಲ್ಲ?"

"ಟೀ ಕಾಯಿಸ್ತಿದ್ದೆ. ನಾವೆಲ್ಲ ಯಾವಾಗ್ಲೂ ಶೆಡ್ ಹಿಂದೆ, ಒಲೆ ಹತ್ರಾನೇ ಇರೋದು. ನಿಮ್ಮ ಮಾತು ಅಲ್ಲಿಗೆ ಕೇಳ್ಸೋದೇ ಇಲ್ಲ."

ಅಕ್ಕ ಸುತ್ತ ನೋಡಿದರು. ಕೂತವರೆಲ್ಲ ಗಂಡಸರೇ. ಎಷ್ಟು ವರ್ಷದಿಂದ ಹೆಂಗಸರ ಬಿಡುಗಡೆಯ ಪಾಠವನ್ನು ಹೆಂಗಸರಿಲ್ಲದ ಸಭೆಗೆ ಹೇಳಿದ್ದರೋ! ಅವರ ಮುಖ ಸಪ್ಪಗಾಯಿತು. "ತಪ್ಪಾಯ್ತು ಕಣೇ," ಎಂದು ಎಲ್ಲರೆದುರೇ ಅಮ್ಮನಿಗೆ ಹೇಳಿ, ಪಟ್ಟಿ ಹಿಡಿದು ಶೆಡ್ಡಿನ ಹಿಂದೆ ಹೋಗಿ ಸೌದೆ ರಾಶಿಯ ಮೇಲೆ ಕೂತರು.

ಹಿಂದೆಯೇ ಬಂದ ಅಪ್ಪ ಕೇಳಿದ, "ಅಕ್ಕಾ, ಮೀಟಿಂಗು?"

"ಮೀಟಿಂಗ್ ಇನ್ಮೇಲೆ ಇಲ್ಲೇ. ಲೋಟ ನೀವು ತೊಳೀರಿ."

ಅಪ್ಪ ಗೊಣಗುತ್ತಲೇ ತೊಳೆದ. ಮಕ್ಕಳ ರೂಮು ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಹೋಯಿತು.

ಮ್ಯಾನೇಜರು ಇವತ್ತು ನಾಳೆ ಎಂದು ವಾರಗಟ್ಟಲೆ ಎಳೆದಾಡಿದರು. ಕಡೆಗೆ ತುಂಬು ಕೊಯ್ಲಿನಲ್ಲೇ ಹೆಂಗಸರು ಪಿಕ್ಕಿಂಗ್ ಬಿಟ್ಟು, ಮಕ್ಕಳನ್ನೆಲ್ಲ ಕಟ್ಟಿಕೊಂಡು ಮೂರು ದಿನ ಆಫೀಸಿನ ವರಾಂಡದಲ್ಲಿ ಕೂತರು. ಅಕ್ಕನ ಮಡಿಲಲ್ಲಿ ನನ್ನ ತಂಗಿ ಮಲಗಿದ್ದಳು. ಗೊಬ್ಬರದ ಹಳೇ ಗೋದಾಮು ಮಕ್ಕಳ ರೂಮಾಯಿತು, ಆಯಾ ಬಂದಳು. ಜೂನಿನಲ್ಲಿ ನಾನು ಮತ್ತೆ ಐದನೇ ಕ್ಲಾಸಿಗೆ ಹೋದೆ. ಈಗ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತೇನೆ. ಅಕ್ಕ ಇಲ್ಲದಿದ್ದರೆ ನಾನು ಇನ್ನೂ ಯಾರದೋ ಜೋಲಿ ತೂಗುತ್ತಿರುತ್ತಿದ್ದೆ.

ಕಳೆದ ವರ್ಷ ಅಕ್ಕ ತೀರಿಕೊಂಡರು. ಸಂತಾಪ ಸಭೆ ಅದೇ ಕಣದಲ್ಲಿ ನಡೆಯಿತು. ಮಾತಾಡಲು ನಿಂತ ನಾನು ಅತ್ತು ಕೂತುಬಿಟ್ಟೆ. ಟೀ ಕಾಯಿಸಿ ಹಂಚಿದವರು ಅಪ್ಪ ಮತ್ತು ಅವನ ವಾರಗೆಯ ಗಂಡಸರು. ಮುಂದಿನ ಸಾಲಿನಲ್ಲಿದ್ದ ಅಮ್ಮ ಒಂದು ಗುಟುಕು ಕುಡಿದು, "ಥೂ, ಬರೀ ಸಕ್ಕರೆ," ಎಂದು ಮುಖ ಕಿವುಚಿದಳು. ಆದರೆ ಎದ್ದು ಒಲೆಯ ಕಡೆ ಹೋಗಲಿಲ್ಲ.